ಪರದೆಯ ಎಡತುದಿಯಲ್ಲಿದ್ದ ಯಾಸೀನ್

ಶಿಡ್ಲಘಟ್ಟದಲ್ಲಿ ಬಡಗಿ ಯಾಸೀನನ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖಮುಖ ನೋಡುತ್ತಾರೆ. ಹಗ್ಗದ ಯಾಸೀನ್ ಎಂದರೆ ಮಾತ್ರ ‘ಓ, ಹಂಗ್ ಹೇಳಿ ಮತ್ತೆ’ ಎಂದು ಕೈ ತೋರಿಸುತ್ತಾರೆ. ಮನುಷ್ಯ ಸತ್ತು ಎರಡು ವರ್ಷವಾಯಿತು. ಅವನು ಕೂರಿಸಿದ ಬಾಗಿಲುಗಳು ಆ ಗಲ್ಲಿಯ ಅರ್ಧ ಮನೆಗಳಲ್ಲಿ ಇವತ್ತಿಗೂ ಕಿರ್ ಎನ್ನದೆ ಮುಚ್ಚಿಕೊಳ್ಳುತ್ತವೆ. ಒಳ್ಳೆಯ ಬಾಗಿಲು ಮಾಡಿದವನೆಂಬ ಹೆಸರು ಅವನಿಗೆ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾಲ್ಕು ಜನ ನಕ್ಕು ಇಟ್ಟ ಹೆಸರು ಉಳಿಯಿತು.

ಆ ಹೆಸರು ಬಂದ ಬಗೆಯನ್ನು ಅವನ ಹೆಂಡತಿ ಜಾನ್ ಬೀ ನನಗೆ ಹೇಳಿದ್ದು ಮೊರದಲ್ಲಿ ಅಕ್ಕಿ ಆರಿಸುತ್ತ. ಅಳಲಿಲ್ಲ. ದನಿ ಏರಿಸಲಿಲ್ಲ. ಇದನ್ನು ಬರೆಯಬಹುದಾ ಎಂದು ಕೇಳಿದೆ.

‘ಬರ್ಕೊಳ್ಳಪ್ಪ. ನಮ್ ಗಲ್ಲೀಲಿ ಪೇಪರ್ ಯಾರ್ ಓದ್ತಾರೆ? ಎಲ್ಲಾ ಟೀವಿ ನೋಡೋರೇ’ ಎಂದಳು.

ಅವಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಗಾಗಿ ಇಲ್ಲಿ ಸಿಟ್ಟು ಕಂಡರೆ ಅದು ನನ್ನದು, ಅವಳದಲ್ಲ.

ಜಾನ್ ಬೀ ಹುಡುಗಿಯಾಗಿದ್ದಾಗಿನಿಂದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದುಡಿಯುತ್ತಿದ್ದಾಳೆ. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅವುಗಳ ನಡುವೆ ಬೆರಳಾಡಿಸಿ, ಎಳೆಯ ತುದಿ ಹುಡುಕಿ, ಚರಕಕ್ಕೆ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಇಷ್ಟೇ. ಬೆರಳ ತುದಿಗಳು ಬೆಂದು, ಬಿರಿದು, ಮತ್ತೆ ಬೆಂದು ಈಗ ಬಿಳಿಚಿಕೊಂಡಿವೆ. ಟೀ ಲೋಟ ಬಿಸಿಯಿದೆಯೋ ತಣ್ಣಗಿದೆಯೋ ತಿಳಿಯಲು ಅವಳು ಅದನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ. ಮದುವೆಮನೆಯಲ್ಲಿ ಸೀರೆಯ ಸೆರಗು ಮುಟ್ಟಿ ‘ಎಷ್ಟು ನುಣುಪು ನೋಡಿ’ ಎನ್ನುವವರು ಇದನ್ನು ಓದುತ್ತಿದ್ದರೆ ಓದಿಕೊಳ್ಳಲಿ.

ಯಾಸೀನ್ ಆ ಚರಕಗಳ ಮರದ ಚೌಕಟ್ಟು ಮಾಡುತ್ತಿದ್ದ. ಸುತ್ತಲ ಹಳ್ಳಿಗಳಲ್ಲಿ ಹುಳು ಸಾಕುವವರಿಗೆ ತಟ್ಟೆ ಜೋಡಿಸುವ ಸ್ಟ್ಯಾಂಡು ಮಾಡಿಕೊಡುತ್ತಿದ್ದ. ಹದಿಮೂರು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ಕಾಂಟ್ರಾಕ್ಟರ್ ಬಡಗಿಗಳನ್ನು ಹುಡುಕಿಕೊಂಡು ಬಂದ. ಕನ್ನಡದಲ್ಲಿ ಒಂದು ಸಮುದ್ರದ ಫಿಲಂ ತೆಗೆಯುತ್ತಿದ್ದಾರೆ, ಹಳೆ ಕಾಲದ ನೌಕಾಪಡೆ, ಫಿರಂಗಿ, ಬಿರುಗಾಳಿ ಎಲ್ಲ ಇದೆ, ಹೈದರಾಬಾದಿನ ಕಡೆ ದೊಡ್ಡ ನೀರಿನ ತೊಟ್ಟಿಯಲ್ಲಿ ನಿಜವಾದ ಅಳತೆಯ ಹಡಗು ಕಟ್ಟಬೇಕು ಎಂದ. ಯಾಸೀನ್ ಸಮುದ್ರ ನೋಡಿದವನಲ್ಲ. ಮಗಳು ಹುಮಾ ಆಗಿನ್ನೂ ಚಿಕ್ಕವಳು, ಜಾನ್ ಬೀ ಬಸುರಿ. ಕೆಲಸ ಏಳು ತಿಂಗಳದ್ದು, ಹೆರಿಗೆಯ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೇಳಿ ಹೋದ.

ಹೆರಿಗೆ ಮೊದಲೇ ಆಯಿತು. ಗಂಡು ಮಗು. ಒಂದು ವಾರ ಉಸಿರಾಡಿ ಹೋಯಿತು.

ಆ ವಾರವೆಲ್ಲ ಯಾಸೀನನ ಫೋನ್ ಸ್ವಿಚ್ಡ್ ಆಫ್. ಪಕ್ಕದ ಮನೆಯವರು ಮಾಡಿದರು, ಘಟಕದ ಮಾಲೀಕರು ಮಾಡಿದರು, ಯಾರು ಮಾಡಿದರೂ ಅದೇ ಹೆಣ್ಣುದನಿ. ಅವನು ಬಂದಿಳಿದಾಗ ಮಗು ಮಣ್ಣಿನಲ್ಲಿತ್ತು.

ಗಂಡಹೆಂಡಿರು ಮನೆಯಲ್ಲಿ ಆಡಿಕೊಳ್ಳುವುದು ಉರ್ದು. ನಾನು ಬರೆಯುತ್ತಿರುವುದು ನನ್ನ ಭಾಷೆಯಲ್ಲಿ.

‘ಎಲ್ಲಿದ್ರಿ?’ ಎಂದು ಜಾನ್ ಬೀ ಕೇಳಿದಳು.

‘ಹಡಗಿನ ಮೇಲೆ’ ಎಂದ ಯಾಸೀನ್.

ಹಡಗಿನ ಮೇಲೆ ನಿಲ್ಲಿಸಲು ಜನ ಸಾಲದೆ ಬಡಗಿಗಳಿಗೇ ಬಟ್ಟೆ ತೊಡಿಸಿ ನಾವಿಕರನ್ನಾಗಿ ಮಾಡಿದರಂತೆ. ಅವನ ಕೈಗೆ ಒಂದು ಹಗ್ಗ ಕೊಟ್ಟರಂತೆ. ಕೂಗುವುದಕ್ಕೆ ಒಂದು ಮಾತೂ ಇತ್ತಂತೆ. ಫಿಲಂ ಗುಟ್ಟು ಹೊರಗೆ ಹೋಗಬಾರದೆಂದು ಎಲ್ಲರ ಫೋನ್ ಕಿತ್ತು ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದರಂತೆ. ಜಾನ್ ಬೀ ಕಾಂಟ್ರಾಕ್ಟರಿಗೆ ಫೋನ್ ಮಾಡಿಸಿ ಕೇಳಿದಳು. ಅವನು ಹೇಳಿದ್ದು ಇಷ್ಟು: ‘ಕೆಲ್ಸಕ್ಕೆ ಬಂದಿದ್ದು ನಿಜ ಕಣಮ್ಮ. ಹಡಗಿನ ಮೇಲಿನ ಸೀನೆಲ್ಲ ಆ ಒಂದೇ ವಾರ ತೆಗ್ದಿದ್ದು. ಅದ್ರಲ್ಲಿ ಇವನಿದ್ನೋ, ಎದ್ದು ಎಲ್ಗಾದ್ರೂ ಹೋಗಿದ್ನೋ, ನಂಗೇನ್ ಗೊತ್ತು? ಇನ್ನೂರು ಜನ. ಫಿಲಮ್ ಬಂದಾಗ ನೋಡ್ಕೊಳ್ಳಿ.’

ಇನ್ನೂರು ಜನರ ಫೋನು ಲೆಕ್ಕ ಮಾಡಿ ಬೀಗ ಹಾಕಲು ಗೊತ್ತಿದ್ದವರಿಗೆ ಇನ್ನೂರು ಜನರ ಮುಖ ಗೊತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ಮಾತು ಸೇರಿಕೊಂಡಿತು. ಅವನು ವಾಪಸು ಬಂದ ಬಸ್ಸು ಮದನಪಲ್ಲಿಯ ಮೇಲೆ ಚಿಂತಾಮಣಿಗೆ ಬಂದಿತ್ತು. ಅಲ್ಲಿ ಇಳಿದು ಬಸ್ ಬದಲಿಸುವಾಗ ಗಲ್ಲಿಯವರೊಬ್ಬರು ನೋಡಿದರು. ಹೈದರಾಬಾದಿನಲ್ಲಿರಬೇಕಾದವನು ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಯಾಕಿದ್ದ? ಯಾರೋ ಕೇಳಿದರು, ಯಾರೋ ಉತ್ತರವನ್ನೂ ಕೊಟ್ಟುಕೊಂಡರು. ಅಲ್ಲಿ ಅವನಿಗೊಂದು ಮನೆಯಿದೆ, ಮನೆಯಲ್ಲಿ ಒಬ್ಬಳಿದ್ದಾಳೆ.

‘ಫಿಲಂ ಬರಲಿ’ ಎಂದ ಯಾಸೀನ್ ಹೆಂಡತಿಗೆ. ‘ನಿನ್ನ ಕಣ್ಣಿಂದ ನೋಡು.’

‘ಕಂಡ್ರೆ ನಂಬ್ತೀನಿ’ ಎಂದಳು ಜಾನ್ ಬೀ.

ಫಿಲಂ ಬಂತು, ಬೆಂಗಳೂರಿನಲ್ಲಿ ಒಂದು ವಾರ ಓಡಿ ಎತ್ತಂಗಡಿಯಾಯಿತು. ನಮ್ಮ ಕಡೆಗೆ ಬರಲೇ ಇಲ್ಲ. ವರ್ಷ ಕಳೆದ ಮೇಲೆ, ಬಸ್‌ಸ್ಟ್ಯಾಂಡಿನ ಹತ್ತಿರ ಸೀಡಿ ಅಂಗಡಿ ಇಟ್ಟಿದ್ದ ದಸ್ತಗಿರ್ ಓಡಿಬಂದು ‘ಯಾಸೀನ್ ಭಾಯ್, ನಿಮ್ ಹಡಗು ದಡ ಮುಟ್ತು ನೋಡಿ’ ಎಂದು ಡಿಸ್ಕ್ ತೋರಿಸಿದ.

ಗಲ್ಲಿಯ ತುದಿಯಲ್ಲಿ ಮುನಿಶಾಮಪ್ಪನವರ ಮನೆ. ಜಂಗಮಕೋಟೆಯಲ್ಲಿ ಹಿಪ್ಪುನೇರಳೆ ತೋಟ, ಹಸು ಇಟ್ಟುಕೊಂಡು ಮಕ್ಕಳ ಓದಿಗೆಂದು ಶಿಡ್ಲಘಟ್ಟದಲ್ಲಿ ಮನೆ ಕಟ್ಟಿಸಿದವರು. ಅವರ ಹುಳುಮನೆಯ ಸ್ಟ್ಯಾಂಡೆಲ್ಲ ಯಾಸೀನ್ ಮಾಡಿದ್ದೇ. ಆಗ ಆ ಬೀದಿಗೆಲ್ಲ ದೊಡ್ಡ ಟೀವಿ ಅವರದು. ಭಾನುವಾರ ಊಟವಾದ ಮೇಲೆ ಎಲ್ಲರೂ ಬನ್ನಿ ಎಂದರು. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿದರು. ಗಂಡಸರು ಮುಂದೆ ಚಾಪೆಯ ಮೇಲೆ, ಹೆಂಗಸರು ಅಡಿಗೆಮನೆಯ ಬಾಗಿಲ ಬಳಿ. ಯಾಸೀನ್ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಜಾನ್ ಬೀ ಹುಮಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಗೊರಗಿದ್ದಳು.

ದಸ್ತಗಿರ್ ಡಿಸ್ಕ್ ಹಾಕಿದ. ಸಮುದ್ರ ಬಂತು. ಅದರ ಮೇಲೂ ಕೆಳಗೂ ಒಂದೊಂದು ಕಪ್ಪು ಪಟ್ಟಿ.

‘ಏನಯ್ಯ ಇದು ದಸ್ತಗಿರು’ ಎಂದರು ಮುನಿಶಾಮಪ್ಪ, ‘ನಮ್ ಟೀವಿಗೆ ಬಾರ್ಡರ್ ಸೀರೆ ಉಡ್ಸಿದ್ದೀಯಲ್ಲಯ್ಯ?’

‘ಡಿಸ್ಕೇ ಹಂಗಿದೆ ಅಣ್ಣ. ಒರಿಜಿನಲ್ಲು.’

‘ಒರಿಜಿನಲ್ ಅಂದ್ಮೇಲೆ ಪೂರ್ತಿ ಇರ್ಬೇಕೋ ಬ್ಯಾಡ್ವೋ? ಅರ್ಧ ಖಾಲಿ ಬಿಟ್ಟು ನೋಡಾಕೆ ನಾನೇನು ಅರ್ಧ ಟೀವಿ ತಂದಿದ್ದೀನಾ?’

‘ಸಣ್ಣ ಪಿಚ್ಚರ್ ಕೊಟ್ಟು ಟೋಪಿ ಹಾಕವ್ರೆ ಕಣಣ್ಣೋ’ ಎಂದ ಟೀ ಅಂಗಡಿಯ ಮುನಿವೆಂಕಟಪ್ಪ.

ದಸ್ತಗಿರ್ ರಿಮೋಟಿನಲ್ಲಿ ಜೂಮ್ ಒತ್ತಿದ. ಚಿತ್ರ ಉಬ್ಬಿತು. ಪಟ್ಟಿಗಳು ಮಾಯವಾದವು. ಚಾಪೆಯ ಮೇಲಿದ್ದವರು ಚಪ್ಪಾಳೆ ಹೊಡೆದರು. ‘ಹಾಂ, ಈಗ ಸರಿ ಹೋಯ್ತು’ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ಯಾಸೀನ್.

ಆಗಿದ್ದು ಇಷ್ಟೇ. ಸಮುದ್ರದ ಕಥೆಯೆಂದು ಬಲು ಅಗಲವಾಗಿ ತೆಗೆದ ಚಿತ್ರ ಅದು. ಅಷ್ಟಗಲದ್ದನ್ನು ಟೀವಿಯಲ್ಲಿ ಹಿಡಿಸಬೇಕಾದರೆ ಮೇಲೆ ಕೆಳಗೆ ಜಾಗ ಖಾಲಿ ಉಳಿಯಲೇಬೇಕು. ಹಿಗ್ಗಿಸಿ ತುಂಬಿಸಿದರೆ ಎಡಬಲದ ಎರಡು ತುಂಡು ಟೀವಿಯಿಂದ ಆಚೆ ಹೋಗುತ್ತವೆ. ಪಟ್ಟಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಜನ ಜಗಳಕ್ಕೆ ನಿಲ್ಲುತ್ತಾರೆ. ಹೋದ ತುಂಡು ಕಾಣುವುದಿಲ್ಲ, ಅದಕ್ಕೆ ಚಪ್ಪಾಳೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆಗ ಟೀವಿ ನೋಡುತ್ತಿದ್ದುದೇ ಹೀಗೆ. ಪಟ್ಟಿ ಇರುವ ಡಿಸ್ಕನ್ನು ಗಿರಾಕಿಗಳು ವಾಪಸು ತಂದು ಎಸೆಯುತ್ತಿದ್ದರು. ದಸ್ತಗಿರ್ ಏನು ಮಾಡಿಯಾನು? ತುಂಬಿದ ಪರದೆ ಕೇಳಿದರು, ತುಂಬಿಸಿ ಕೊಟ್ಟ.

ಯಾಸೀನ್ ನಿಂತಿದ್ದದ್ದು ಎಡಗಡೆಯ ತುಂಡಿನಲ್ಲಿ.

ಶಬ್ದದ್ದು ಇನ್ನೊಂದು ಕಥೆ. ಮುನಿಶಾಮಪ್ಪನವರ ಹೋಂ ಥಿಯೇಟರಿಗೆ ಐದು ಸಣ್ಣ ಸ್ಪೀಕರ್ ಡಬ್ಬ, ಒಂದು ದೊಡ್ಡ ಡಬ್ಬ. ಅಣ್ಣತಮ್ಮಂದಿರ ಪಾಲಾದಾಗ ಹಿಂದಿನ ಎರಡು ಡಬ್ಬ ಬೇರೆಯಾದವು. ಒಂದು ತಮ್ಮನಿಗೆ ಹೋಗಿ ಜಂಗಮಕೋಟೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಹಸುಗಳಿಗೆ ಹಾಡು ಹೇಳುತ್ತಿತ್ತು. ಇನ್ನೊಂದು ಮುನಿಶಾಮಪ್ಪನವರ ಹೆಂಡತಿ ಶ್ಯಾಮಲಮ್ಮನವರ ದೇವರಮನೆ ಸೇರಿತ್ತು. ಉಳಿದವು ಟೀವಿಯ ಮುಂದೆ ಗುಡುಗುತ್ತಿದ್ದವು, ಯಾರಿಗೂ ಏನೂ ಕಡಿಮೆ ಅನ್ನಿಸಿರಲಿಲ್ಲ. ಫಿಲಂ ತೆಗೆದವರು ಕೆಲವು ಕೂಗುಗಳನ್ನು ನೋಡುವವರ ಬೆನ್ನ ಹಿಂದಿನಿಂದ ಬರುವಂತೆ ಮಾಡಿದ್ದರು, ನಾವೂ ಹಡಗಿನಲ್ಲೇ ನಿಂತಿದ್ದೇವೆ ಅನ್ನಿಸಲಿ ಎಂದು. ಯಾಸೀನನ ಒಂದೇ ಮಾತು ಆ ಹಿಂದಿನ ಡಬ್ಬದ ಪಾಲಿನದು.

ಬಿರುಗಾಳಿಯ ಸೀನ್ ಬಂತು. ಹಡಗು ಓಲಾಡಿತು. ನಾಯಕ ನಡುವೆ ನಿಂತಿದ್ದ. ಅವನ ಹಿಂದಿನ ಕಂಬದಿಂದ ಒಂದು ದಪ್ಪ ಹಗ್ಗ ಎಡಗಡೆಗೆ ಬಿಗಿದು ನಿಂತಿತ್ತು, ಜಗ್ಗುತ್ತಿತ್ತು, ಟೀವಿಯ ಅಂಚಿನಲ್ಲಿ ಮುಗಿದುಹೋಗುತ್ತಿತ್ತು. ನಾಯಕ ಎಡಕ್ಕೆ ತಿರುಗಿ, ಯಾರೂ ಏನೂ ಹೇಳದಿದ್ದರೂ ‘ಆಯಿತು, ಹಾಗೇ ಹಿಡಿದಿರಿ!’ ಎಂದು ಕೂಗಿದ.

ಯಾಸೀನ್ ಎದ್ದು ನಿಂತ. ‘ನೋಡಿ, ನೋಡಿ ಅಣ್ಣ! ಆ ಹಗ್ಗ! ಎಳೀತಿರೋನು ನಾನೇ! ನಾನು ಕೂಗಿದ್ದಕ್ಕೆ ಅವರು ಹಂಗಂದಿದ್ದು!’

‘ಎಲ್ಲಿದ್ದೀಯಪ್ಪ?’

‘ಇಲ್ಲೇ… ಈ ಕಡೆ.’ ಅವನ ಕೈ ಟೀವಿ ದಾಟಿ ಗೋಡೆಗೆ ಹೋಯಿತು. ಅಲ್ಲಿ ಒಂದು ಗೊಬ್ಬರದಂಗಡಿಯ ಕ್ಯಾಲೆಂಡರ್ ಇತ್ತು.

‘ಕ್ಯಾಲೆಂಡರ್ ಒಳಗಾ?’

ಮನೆಯೆಲ್ಲ ನಕ್ಕಿತು. ದಸ್ತಗಿರ್ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಹಗ್ಗ ಜಗ್ಗಿತು, ನಾಯಕ ಯಾರಿಗೋ ಉತ್ತರ ಕೊಟ್ಟ. ಮತ್ತೊಮ್ಮೆ ಹಾಕಿದ. ಹಗ್ಗ, ಉತ್ತರ. ಯಾಸೀನ್ ಟೀವಿಯ ಪಕ್ಕಕ್ಕೆ ಹೋಗಿ ಅಂಚಿನಲ್ಲಿ ಇಣುಕಿ ನೋಡಿದ. ಮರದ ಕೆಲಸದವನು, ಪೆಟ್ಟಿಗೆಯೊಳಗೆ ಏನಾದರೂ ಸಿಕ್ಕಿಕೊಂಡಿರಬಹುದು ಅಂದುಕೊಂಡನೋ ಏನೋ. ಅದಕ್ಕಂತೂ ಜನ ಬಿದ್ದು ಬಿದ್ದು ನಕ್ಕರು.

‘ಹಗ್ಗ ಎಳ್ದಿರೋದು ನಿಜಾನೇ ಕಣ್ರೋ’ ಎಂದ ಮುನಿವೆಂಕಟಪ್ಪ. ‘ಹಡಗಲ್ಲಲ್ಲ ಅಷ್ಟೆ. ಚಿಂತಾಮಣೀಲಿ, ಯಾರ್ದೋ ಮನೆ ಮಂಚದ್ದು!’

ಆ ನಗುವಿನ ನಡುವೆ ಜಾನ್ ಬೀ ಮಗಳನ್ನು ಎತ್ತಿಕೊಂಡು ಎದ್ದು ಹೋದಳು. ಅವಳ ಎದುರಿಗೇ ಹೇಳಿದರಲ್ಲ, ಮಗು ಕಳೆದುಕೊಂಡವಳ ಎದುರಿಗೆ, ಒಬ್ಬರಾದರೂ ಬಾಯಿ ಮುಚ್ಚು ಎಂದರಾ ಎಂದು ಕೇಳಿದೆ. ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. ‘ಶ್ಯಾಮಲಮ್ಮ ಟೀ ತಂದ್ರು’ ಎಂದಳು.

ಅವಳು ಗಂಡನನ್ನು ಬಿಡಲಿಲ್ಲ. ಜಗಳವಾಡಲಿಲ್ಲ. ಮಾತು ನಿಲ್ಲಿಸಿದಳು, ಅಷ್ಟೆ. ಅನ್ನ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕುತ್ತಿದ್ದಳು. ಮಾತು ಮಾತ್ರ ಹುಮಾಳ ಮೂಲಕ. ‘ಅಬ್ಬಾಗೆ ಹೇಳು, ಊಟ ಆಗಿದೆ.’ ‘ಅಬ್ಬಾಗೆ ಕೇಳು, ಸೀಮೆಎಣ್ಣೆ ತಂದ್ರಾ.’ ಮೂವರೂ ಒಂದೇ ಕೋಣೆಯಲ್ಲಿ. ಹುಡುಗಿ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಓಡಾಡಿ ದೊಡ್ಡವಳಾದಳು.

ಯಾಸೀನ್ ಮೊದಮೊದಲು ಹೋರಾಡಿದ. ದಸ್ತಗಿರನ ಅಂಗಡಿಯ ಟೀವಿಯಲ್ಲಿ ಮತ್ತೆ ಹಾಕಿಸಿ ನೋಡಿದ. ಅದಕ್ಕೂ ಜೂಮ್ ಒತ್ತಿಯೇ ಇತ್ತು. ಜೊತೆಗಿದ್ದ ಬಡಗಿಗಳು ಬಿಹಾರ, ಒಡಿಶಾದವರು, ನಂಬರು ಬದಲಾಗಿತ್ತು. ಫಿಲಂ ಕೊನೆಯಲ್ಲಿ ಓಡುವ ಹೆಸರುಗಳನ್ನು ಯಾರ ಕೈಯಲ್ಲೋ ಓದಿಸಿದ. ಕಾಂಟ್ರಾಕ್ಟರನ ಹೆಸರು, ಅದರ ಮುಂದೆ ‘ಮತ್ತು ತಂಡ’. ಹಡಗು ಕಟ್ಟಿದವರು ತಂಡ. ಹಡಗಿನ ಮೇಲೆ ನಿಂತು ಕೂದಲು ಹಾರಿಸಿದವನು ನಾಯಕ. ನಾಯಕನ ಮೇಕಪ್ಪಿನವನಿಗೂ ಛತ್ರಿ ಹಿಡಿದವನಿಗೂ ಹೆಸರಿದೆ, ನಾನು ನೋಡಿದ್ದೇನೆ.

ವರ್ಷಗಳು ಹೋದವು. ಹುಮಾ ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರಿ ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ಸಂಜೆ. ಘಟಕಕ್ಕೆ ರಜೆಯಿರುವ ದಿನ ಮಾತು ತಲುಪಿಸುವವರೇ ಇಲ್ಲದ ಮನೆಯಲ್ಲಿ ಇಬ್ಬರೇ. ಅಂಥ ಒಂದು ಮಧ್ಯಾಹ್ನ ಜಾನ್ ಬೀ ತಟ್ಟೆ ಇಟ್ಟು ತಿರುಗುವಾಗ ಯಾಸೀನ್ ತಲೆ ಎತ್ತದೆ ಹೇಳಿದ:

‘ಹೌದು. ಚಿಂತಾಮಣೀಲಿದ್ದೆ.’

ಅವಳು ನಿಂತಳು.

‘ತಪ್ಪಾಯ್ತು. ಹಡಗಿನ ಮೇಲೆ ಇರಲಿಲ್ಲ. ನೀನಂದುಕೊಂಡದ್ದೇ ಸರಿ.’

ಅಷ್ಟು ವರ್ಷಗಳಾದ ಮೇಲೆ ಅವಳು ಅವನಿಗಾಡಿದ ಮೊದಲ ಮಾತು: ‘ಅವಳ ಹೆಸರು?’

ಅವನು ಅನ್ನ ಕಲಸುತ್ತ ಕೂತ. ಬಹಳ ಹೊತ್ತಾದ ಮೇಲೆ, ‘ಅರ್ಫಾ’ ಎಂದ.

ಜಾನ್ ಬೀ ಪಾತ್ರೆ ಕೈಗೆತ್ತಿಕೊಂಡಳು. ‘ಇನ್ನೂ ಸ್ವಲ್ಪ ಹಾಕ್ಲಾ?’

ಅವತ್ತಿನಿಂದ ಮನೆಯಲ್ಲಿ ಮಾತು ಬಂತು. ಸಂಜೆ ಹುಮಾ ಮನೆಗೆ ಬಂದಾಗ ಅಮ್ಮಿ ಅಬ್ಬಾ ಇಬ್ಬರೂ ಸೀಮೆಎಣ್ಣೆಯ ಬೆಲೆಯೋ ಏನೋ ಕ್ಷುಲ್ಲಕ ವಿಷಯಕ್ಕೆ ವಾದ ಮಾಡುತ್ತಿದ್ದರಂತೆ. ಅವಳು ಬಾಗಿಲಲ್ಲೇ ನಿಂತುಬಿಟ್ಟಳಂತೆ. ಗೌರಿಬಿದನೂರಿನಲ್ಲಿ ಸಂಬಂಧಿಕರ ಮದುವೆಗೆ ಗಂಡಹೆಂಡಿರು ಒಂದೇ ಸೀಟಿನಲ್ಲಿ ಕೂತು ಹೋಗಿಬಂದರು. ಅವಳು ಕ್ಷಮಿಸಿದಳು, ಅವನು ಕ್ಷಮೆ ಪಡೆದುಕೊಂಡ. ಆಗಾಗ ಅರ್ಫಾಳ ಹೆಸರು ತೆಗೆದು ಅವಳು ಚುಚ್ಚುತ್ತಿದ್ದಳು. ‘ನಿಮ್ ಅರ್ಫಾ ಹಿಂಗೇ ಮಾಡ್ತಿದ್ಲಾ ಸಾರು?’ ಅವನು ತಲೆ ತಗ್ಗಿಸುತ್ತಿದ್ದ. ಒಂದೊಂದು ಸಲ ನಗುತ್ತಲೂ ಇದ್ದ. ಅದನ್ನು ನಾಚಿಕೆಯ ನಗು ಅಂದುಕೊಂಡಿದ್ದಳು.

ವರ್ಷ ತುಂಬುವ ಮೊದಲೇ, ಒಂದು ಬೆಳಿಗ್ಗೆ ಉಳಿ ಹಿಡಿದು ಕೂತವನು ಎದೆ ಹಿಡಿದುಕೊಂಡ. ಆಸ್ಪತ್ರೆ ಮುಟ್ಟಲಿಲ್ಲ.

ಅವರಲ್ಲಿ ಒಂದು ಪದ್ಧತಿಯಿದೆ. ಹೆಣ ಎತ್ತುವ ಮೊದಲು ಹೆಂಡತಿಯನ್ನು ಕರೆತಂದು, ಸತ್ತವನ ಋಣ, ತಪ್ಪು ಏನಿದ್ದರೂ ಮಾಫ್ ಮಾಡಿದೆ ಎಂದು ಹೇಳಿಸುತ್ತಾರೆ. ಹಿರಿಯ ಹೆಂಗಸರು ಸುತ್ತ ಕೂತಿದ್ದರು. ‘ಹೇಳಮ್ಮ’ ಎಂದರು. ಜಾನ್ ಬೀ ಗಂಡನ ಮುಖ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ‘ಎಲ್ಲಾ ಮಾಫ್ ಮಾಡಿದ್ದೀನಿ. ಚಿಂತಾಮಣೀದೂ ಮಾಫ್.’

ಹೆಂಗಸರು ಅತ್ತರು. ಎಂಥ ದೊಡ್ಡ ಮನಸ್ಸು ಎಂದರು. ಗಲ್ಲಿಯಲ್ಲಿ ಅದು ಬಹಳ ದಿನದ ಮಾತಾಯಿತು. ಅದುವರೆಗೆ ಗಾಳಿಮಾತಾಗಿದ್ದದ್ದು ಅವತ್ತು ಹೆಂಡತಿಯ ಬಾಯಿಂದಲೇ ಬ್ರಹ್ಮಲಿಪಿಯಾಯಿತು.

ಈ ವರ್ಷ ಆ ಫಿಲಂ ಮತ್ತೆ ಬಂತು, ಥಿಯೇಟರಿಗಲ್ಲ, ಮೊಬೈಲಿಗೆ. ಹಳೆಯ ರೀಲನ್ನು ತೊಳೆದು, ಬಣ್ಣ ತಿದ್ದಿ, ಶಬ್ದ ಹೊಸದಾಗಿ ಕೂರಿಸಿ ಕಂಪನಿಯವರೇ ನೆಟ್ಟಿಗೆ ಹಾಕಿದರು. ಅದರ ಕೆಳಗೆ ನೂರಾರು ಜನ ಜಗಳ ಕಾಯುತ್ತಿದ್ದಾರೆ. ಹಳೆ ಡಿಸ್ಕಿನಲ್ಲಿ ಕತ್ತಲೆ ಸೀನು ಬೂದಿ ಬಳಿದಂತಿತ್ತು, ಇದರಲ್ಲಿ ಅಲೆಯ ಹನಿಹನಿ ಕಾಣುತ್ತದೆ ಎಂದು ಒಬ್ಬ. ಫಿರಂಗಿಯ ಸದ್ದಿಗೆ ಎದೆ ನಡುಗಬೇಕಿತ್ತು, ಸಾಲದು ಎಂದು ಇನ್ನೊಬ್ಬ. ಹಿಂದಿನಿಂದ ಬರುವ ಕೂಗುಗಳು ಈಗ ಬೇರೆಬೇರೆಯಾಗಿ ಕೇಳುತ್ತವೆ, ಗಮನಿಸಿ ಎಂದು ಮತ್ತೊಬ್ಬ.

ಹುಮಾ ಅದನ್ನು ನೋಡಿದ್ದು ಚಿಕ್ಕಬಳ್ಳಾಪುರದಿಂದ ಬರುವ ಬಸ್ಸಿನಲ್ಲಿ. ಯಾಕೆ ಹುಡುಕಿದೆಯಮ್ಮ ಎಂದರೆ, ‘ಸುಮ್ನೆ ಅಂಕಲ್. ಅಬ್ಬಾ ಕಟ್ಟಿದ ಹಡಗಾದ್ರೂ ಕಾಣುತ್ತಲ್ಲ ಅಂತ’ ಎಂದಳು. ಕಿವಿಗೆ ಇಯರ್‌ಫೋನ್. ಬಿರುಗಾಳಿಯ ಸೀನ್. ಎಡಗಿವಿಯ ಹಿಂದೆ ಯಾರೋ ಕೂಗಿದರು: ‘ಗಾಳಿ ತಿರುಗ್ತು! ಬಿಡ್ಬೇಡ್ರೋ, ಬಿಡ್ಬೇಡ್ರೋ!’

ಅವಳು ತಿರುಗಿ ಹಿಂದಿನ ಸೀಟು ನೋಡಿದಳು. ಅಲ್ಲಿ ಒಬ್ಬ ಮುದುಕ ಹೂಕೋಸಿನ ಚೀಲ ತಬ್ಬಿಕೊಂಡು ನಿದ್ದೆ ಮಾಡುತ್ತಿದ್ದ. ಅವಳ ಅಬ್ಬಾನ ದನಿ. ಮತ್ತೆ ಮೊಬೈಲ್ ನೋಡಿದಳು. ಮೊಬೈಲ್ ಅಡ್ಡ ಹಿಡಿದಿದ್ದಳು, ಚಿತ್ರದ ಸುತ್ತ ಕಪ್ಪು ಅಂಚು, ಪೂರ್ತಿ ಅಗಲ. ಎಡತುದಿಯಲ್ಲಿ, ಮಳೆಯಲ್ಲಿ ತೊಯ್ದು, ಎರಡು ಕೈಯಲ್ಲೂ ಹಗ್ಗ ಸುತ್ತಿಕೊಂಡು ಒಬ್ಬ ಸಣಕಲು ಮನುಷ್ಯ ಹಿಂದಕ್ಕೆ ವಾಲಿ ನಿಂತಿದ್ದ.

ಸಂಜೆ ಜಾನ್ ಬೀ ಘಟಕದಿಂದ ಬಂದು ಕಾಲು ತೊಳೆಯುತ್ತಿದ್ದಳು. ಹುಮಾ ಮೊಬೈಲನ್ನು ಮುಖದ ಮುಂದೆ ಹಿಡಿದಳು. ಒಂದು ಇಯರ್‌ಫೋನ್ ತಾಯಿಯ ಎಡಗಿವಿಗೆ ತಾನೇ ಇಟ್ಟಳು. ಸೀನ್ ಬಂತು, ಕೂಗು ಬಂತು, ಹೋಯಿತು.

ಜಾನ್ ಬೀ ಹೇಳಿದ್ದು: ‘ಅಂಗಿ ದೊಡ್ಡದಾಗಿದೆ ಅವರಿಗೆ.’

‘ಅಮ್ಮೀ, ಗೊತ್ತಾಯ್ತಾ? ಅಬ್ಬಾ ಅಲ್ಲೇ ಇದ್ರು! ಆ ವಾರ!’

‘ಗೊತ್ತಾಯ್ತು.’

‘ಇನ್ನೊಂದ್ಸಲ ಹಾಕ್ಲಾ?’

‘ಬೇಡ. ಗೊತ್ತಾಯ್ತು.’

ಒಲೆ ಹಚ್ಚಿದಳು. ಅನ್ನಕ್ಕಿಟ್ಟಳು. ಹುಮಾ ಅಳುತ್ತ ಕೂತಿದ್ದಳು. ತಾಯಿ ಅಳುತ್ತಾಳೆ, ಆಗ ತಬ್ಬಿಕೊಳ್ಳಬೇಕು ಎಂದು ಕಾಯುತ್ತ ಕೂತಿದ್ದಳಂತೆ. ತಾಯಿ ಬೇಳೆ ತೊಳೆದಳು. ಮರುದಿನ ಘಟಕಕ್ಕೆ ಹೋದಳು. ನಿಮಗೆ ಆ ಹೊತ್ತಿನಲ್ಲಿ ಏನನ್ನಿಸಿತು ಎಂದು ನಾನು ಕೇಳಬಾರದಿತ್ತು, ಕೇಳಿದೆ. ‘ಏನೂ ಅನ್ನಿಸ್ಲಿಲ್ಲಪ್ಪ. ಅನ್ನಿಸ್ಬೇಕು ಅಂತ ಕಾಯ್ತಾ ಇದ್ದೆ’ ಎಂದಳು.

ಆದರೆ ಒಂದು ಕೆಲಸ ಮಾಡಿದಳು. ಅವಳ ಸತ್ತ ಗಂಡನ ಹೆಸರನ್ನು ತೊಳೆಯಬೇಕಿತ್ತು, ಕೊಳೆ ಮಾಡಿದವರ ಎದುರೇ. ಭಾನುವಾರ ಹುಮಾಳನ್ನು ಕರೆದುಕೊಂಡು ಹೊರಟಳು. ಮೊದಲು ಹೆಣದ ಸುತ್ತ ಕೂತಿದ್ದ ಹೆಂಗಸರ ಮನೆಗಳು. ಅವತ್ತು ನಾನು ಚಿಂತಾಮಣಿ ಎಂದದ್ದು ಸುಳ್ಳು, ಅವರು ಹಡಗಿನ ಮೇಲೇ ಇದ್ದರು ಎಂದಳು. ‘ಇರ್ಲಿ ಬಿಡಿ ಭಾಬಿ, ಹೋದೋರು ಹೋದ್ರು’ ಎಂದರು. ಒಬ್ಬಾಕೆ ಸಿಟ್ಟೇ ಮಾಡಿಕೊಂಡಳು: ‘ಮಾಫ್ ಮಾಡಿದ್ದನ್ನ ಯಾರಾದ್ರೂ ವಾಪಸ್ ತಗೋತಾರಾ?’ ಮುನಿಶಾಮಪ್ಪನವರ ಮನೆಯಲ್ಲಿ ಹಳೆಯ ಟೀವಿ ಅಟ್ಟ ಸೇರಿತ್ತು. ಅವರು ಪಾಪ, ಕೂರಿಸಿ ಕಾಫಿ ಕೊಡಿಸಿದರು. ‘ಯಾಸೀನಾ? ಬಂಗಾರದಂಥ ಕೆಲ್ಸ್‌ಗಾರ ಕಣಮ್ಮ ಅವ್ನು. ಫಿಲಮ್ಮಾ? ನಮ್ಮನೇಲಾ ನೋಡಿದ್ದು? ನೋಡಿರ್ಬೋದು ಬಿಡು’ ಎಂದರು.

ಕೊನೆಗೆ ಟೀ ಅಂಗಡಿ.

‘ಮುನಿವೆಂಕಟಣ್ಣ, ಚಿಂತಾಮಣಿ ಮಂಚದ ಮಾತು ನೆನಪೈತಾ?’ ಎಂದಳು ಜಾನ್ ಬೀ.

‘ಯಾವ್ ಮಂಚ ಜಾನಮ್ಮ?’

ಅವನು ನಟಿಸುತ್ತಿರಲಿಲ್ಲ. ನಾನೂ ಆಮೇಲೆ ಹೋಗಿ ಕೇಳಿದ್ದೇನೆ, ನಿಜವಾಗಿ ನೆನಪಿಲ್ಲ. ಏಳೆಂಟು ವರ್ಷದ ಮೌನ ತಂದಿಟ್ಟವನಿಗೆ ತಾನು ಬಾಯಿ ತೆರೆದದ್ದೇ ನೆನಪಿಲ್ಲ. ಒಂದು ಹಾಸ್ಯ ಮಾಡಿದ, ಲೋಟ ತೊಳೆದ, ಮನೆಗೆ ಹೋದ. ಇಂಥವರ ಮೇಲೆ ಯಾವ ಕೋರ್ಟಿನಲ್ಲಿ ದಾವೆ ಹೂಡುವುದು?

ಹುಮಾ ಮೊಬೈಲ್ ಅವನ ಕೈಗೆ ಕೊಟ್ಟಳು. ನೋಡಿದ. ‘ಅಬ್ಬಬ್ಬಬ್ಬಾ, ಏನ್ ಕ್ಲಾರಿಟಿ! ನೀರು ಮುಖಕ್ಕೇ ಹಾರ್ದಂಗೈತಲ್ಲಮ್ಮ! ಸೌಂಡೂ ಸೂಪರ್ರು. ಇದೇನ್ ಹೊಸ ಪಿಚ್ಚರ್ರಾ?’ ಎಂದ. ಆಮೇಲೆ, ‘ಸುತ್ತ ಕಪ್ಗೈತಲ್ಲ, ದೊಡ್ಡದ್ ಮಾಡಣ ಇರು’ ಎಂದು ಗಾಜಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿದ. ಯಾಸೀನ್ ಹೊರಗೆ ಹೋದ.

ಹುಮಾ ಕೂಗಾಡಿದಳು. ಏನೇನೋ ಅಂದಳು. ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಮುನಿವೆಂಕಟಪ್ಪ ‘ನಾನೇನ್ ಮಾಡ್ದೆ ಕಣಮ್ಮ’ ಎಂದು ಪೆಚ್ಚಾಗಿ ನಿಂತ. ಜಾನ್ ಬೀ ಮೊಬೈಲನ್ನು ಅವನ ಕೈಯಿಂದ ತೆಗೆದುಕೊಂಡಳು, ಮಗಳ ತೋಳು ಹಿಡಿದಳು, ಮನೆಗೆ ಬಂದಳು.

ಬಾಗಿಲು ದಾಟಿದ ಕೂಡಲೇ ಹುಮಾ ಕೇಳಿದಳು: ‘ಅಬ್ಬಾ ಯಾಕಮ್ಮೀ ಸುಳ್ಳು ಹೇಳಿದ್ರು? ಮಾಡದೇ ಇದ್ದದ್ದನ್ನ ಯಾಕೆ ಒಪ್ಕೊಂಡ್ರು?’

‘ನಾನು ಮಾತಾಡ್ಲಿ ಅಂತ.’

‘ನಿಂಗೆ ಅವಾಗ ಅನುಮಾನ ಬರ್ಲಿಲ್ವಾ?’

ಜಾನ್ ಬೀ ಗೋಡೆಗೊರಗಿ ಕಾಲು ಚಾಚಿದಳು. ‘ಅರ್ಫಾನ್ನ ಬಹಳ ಬೈದಿದ್ದೀನಿ’ ಎಂದಳು. ‘ಒಂದ್ಸಲ ಯಾರ್ಗೂ ಹೇಳ್ದೆ ಚಿಂತಾಮಣಿಗೆ ಹೋಗಿದ್ದೆ, ಬಸ್‌ಸ್ಟ್ಯಾಂಡಲ್ಲಿ ಕೂತು ಹೋಗೋ ಬರೋ ಹೆಂಗಸ್ರನ್ನ ನೋಡ್ದೆ. ಅಬ್ಬಾ ಹೋದ ನಲವತ್ತನೇ ದಿನ ಅವಳು ಬರ್ಬೋದು ಅಂತ ಬಾಗಿಲು ತೆಗ್ದೇ ಇಟ್ಟಿದ್ದೆ.’

‘ಬಂದಿದ್ರೆ ಏನ್ ಮಾಡ್ತಿದ್ದೆ?’

‘ಊಟಕ್ಕೆ ಹಾಕ್ತಿದ್ದೆ. ಒಬ್ಳೇ ಬರಲ್ಲ ಅಂದ್ಕೊಂಡಿದ್ದೆ. ಅವಳ್ಗೊಂದು ಹುಡ್ಗ ಇರ್ಬೋದು, ನಮ್ದು ಹೋಯ್ತಲ್ಲ ಅದೇ ವಯಸ್ಸಿಂದು, ಮುಖ ಇವರ ಥರಾನೇ ಇರುತ್ತೆ, ಅವನ್ನ ಒಂದ್ಸಲ ನೋಡ್ಬೇಕು ಅಂತ ಆಸೆ ಇತ್ತು.’

ತನ್ನ ಕೈಯಲ್ಲಿದ್ದ ಮೊಬೈಲನ್ನು ಮಗಳಿಗೆ ಕೊಟ್ಟಳು.

‘ಈಗ ಅವನೂ ಇಲ್ಲ’ ಎಂದಳು ಜಾನ್ ಬೀ.